ಪರ್ಸ್ ಖಾಲಿ, ಫೋನ್ ಫುಲ್: ಮೊಬೈಲ್ ಪಾವತಿಯ ಲಾಭ-ನಷ್ಟ

ಮಧ್ಯಾಹ್ನ ಒಂದು ಗಂಟೆ. ಕ್ಯಾಂಟೀನ್ ಕೌಂಟರ್ ಮುಂದೆ ಉದ್ದ ಸಾಲು. ಮೊದಲು ನಿಂತವನ ಫೋನಿನಲ್ಲಿ ಚಕ್ರ ತಿರುಗ್ತಾನೇ ಇದೆ. "ಅಣ್ಣಾ, ದುಡ್ಡು ಕಟ್ ಆಗಿದೆ, ಮೆಸೇಜ್ ಬಂದಿದೆ ನೋಡಿ" ಅಂತ ಅವನು. "ನನ್ನ ಬಾಕ್ಸ್ ಏನೂ ಮಾತಾಡ್ಲಿಲ್ವಲ್ಲಪ್ಪಾ" ಅಂತ ಕೌಂಟರ್‌ನಲ್ಲಿರುವ ಅಣ್ಣ. ಇಬ್ಬರೂ ಸುಳ್ಳು ಹೇಳ್ತಿಲ್ಲ. ಹಿಂದೆ ನಿಂತ ಹತ್ತು ಜನ ಜೇಬು ತಡಕಿದರೂ ಒಂದು ಐವತ್ತರ ನೋಟು ಹೊರಗೆ ಬರೋದು ಅನುಮಾನ.

"ಮೊಬೈಲ್ ಪಾವತಿಯ ಅನುಕೂಲ ಮತ್ತು ಅನಾನುಕೂಲ" ಅಂತ ಪಿಯುಸಿಯಲ್ಲಿ ನಾವೆಲ್ಲ ಪ್ರಬಂಧ ಬರೆದವರೇ. ಆ ಕಡೆ ಐದು ಪಾಯಿಂಟ್, ಈ ಕಡೆ ಐದು ಪಾಯಿಂಟ್, ಕೊನೆಗೆ "ಎಚ್ಚರಿಕೆಯಿಂದ ಬಳಸಿದರೆ ಒಳ್ಳೆಯದು" ಅಂತ ಒಂದು ಸಾಲು. ಆದರೆ ಯಾವ ಎಚ್ಚರಿಕೆ, ಯಾಕೆ ಎಚ್ಚರಿಕೆ ಅನ್ನೋದು ಅಲ್ಲಿ ಬರುತ್ತಿರಲಿಲ್ಲ. ಈಗ ನಾವು ಎಂಜಿನಿಯರಿಂಗ್ ಓದುತ್ತಿದ್ದೇವೆ. ದಿನಕ್ಕೆ ಹತ್ತು ಸಲ ಬಳಸುವ ವ್ಯವಸ್ಥೆ ಒಳಗೆ ಹೇಗೆ ಕೆಲಸ ಮಾಡುತ್ತೆ, ಅದರಿಂದ ನಮಗೆ ಸಿಕ್ಕಿದ್ದೇನು, ಕೈ ತಪ್ಪಿದ್ದೇನು ಅಂತ ಒಮ್ಮೆ ಸರಿಯಾಗಿ ನೋಡೋಣ.

ಯುಪಿಐ ಬಂದ ಕಥೆ

ಮೊದಲು ಸ್ವಲ್ಪ ಹಿನ್ನೆಲೆ. ರಿಸರ್ವ್ ಬ್ಯಾಂಕ್ ಮತ್ತು ಬ್ಯಾಂಕುಗಳ ಒಕ್ಕೂಟ ಸೇರಿ 2008ರಲ್ಲಿ ನ್ಯಾಷನಲ್ ಪೇಮೆಂಟ್ಸ್ ಕಾರ್ಪೊರೇಷನ್ ಆಫ್ ಇಂಡಿಯಾ, ಅಂದರೆ ಎನ್‌ಪಿಸಿಐ ಅನ್ನೋ ಸಂಸ್ಥೆ ಕಟ್ಟಿದವು. ಈ ಸಂಸ್ಥೆ 2010ರಲ್ಲಿ ಐಎಂಪಿಎಸ್ ತಂದಿತು. ರಾತ್ರಿ ಹನ್ನೆರಡಕ್ಕೂ, ಭಾನುವಾರವೂ ಒಂದು ಬ್ಯಾಂಕಿನಿಂದ ಇನ್ನೊಂದಕ್ಕೆ ಆ ಕ್ಷಣವೇ ಹಣ ಕಳಿಸಬಹುದಾಯಿತು. ಆದರೆ ಖಾತೆ ನಂಬರ್, ಐಎಫ್‌ಎಸ್‌ಸಿ ಕೋಡ್ ಎಲ್ಲ ಟೈಪ್ ಮಾಡಬೇಕು. ಹತ್ತು ರೂಪಾಯಿ ಟೀಗೆ ಯಾರು ಮಾಡ್ತಾರೆ?

ಅದೇ ತಳಹದಿಯ ಮೇಲೆ 2016ರ ಏಪ್ರಿಲ್ 11ರಂದು ಯುಪಿಐ ಶುರುವಾಯಿತು. ಆಗಿನ ಗವರ್ನರ್ ರಘುರಾಮ್ ರಾಜನ್ ಮುಂಬೈನಲ್ಲಿ ಉದ್ಘಾಟಿಸಿದರು. ಮೊದಲಿಗೆ 21 ಬ್ಯಾಂಕುಗಳು ಪ್ರಯೋಗಕ್ಕೆ ಸೇರಿದ್ದವು. ಅದೇ ವರ್ಷ ನವೆಂಬರ್ 8ರ ರಾತ್ರಿ 500 ಮತ್ತು 1000 ರೂಪಾಯಿ ನೋಟು ರದ್ದಾದವು. ಎಟಿಎಂ ಮುಂದೆ ಅಪ್ಪ-ಅಮ್ಮನ ಜೊತೆ ಸಾಲಲ್ಲಿ ನಿಂತಿದ್ದು ನಮ್ಮಲ್ಲಿ ಕೆಲವರಿಗಾದರೂ ನೆನಪಿರುತ್ತೆ. ಡಿಸೆಂಬರ್ 30ಕ್ಕೆ ಭೀಮ್ ಆ್ಯಪ್ ಬಂತು.

ಆಮೇಲಿನ ಬೆಳವಣಿಗೆ ನೋಡಿ. ತಿಂಗಳಿಗೆ 100 ಕೋಟಿ ವಹಿವಾಟಿನ ಗಡಿ ದಾಟಿದ್ದು 2019ರ ಅಕ್ಟೋಬರ್‌ನಲ್ಲಿ. 1000 ಕೋಟಿ ದಾಟಿದ್ದು 2023ರ ಆಗಸ್ಟ್‌ನಲ್ಲಿ. 2000 ಕೋಟಿ ದಾಟಿದ್ದು 2025ರ ಆಗಸ್ಟ್‌ನಲ್ಲಿ. ಅಂದರೆ ಆರು ವರ್ಷದಲ್ಲಿ ಇಪ್ಪತ್ತು ಪಟ್ಟು.

ಇದರ ಜೊತೆಗೇ ಇನ್ನೊಂದು ವಿಷಯ ತಿಳಿದರೆ ಆಶ್ಚರ್ಯ ಆಗುತ್ತೆ. ನೋಟು ರದ್ದತಿಗೆ ಮೊದಲು ದೇಶದಲ್ಲಿ ಚಲಾವಣೆಯಲ್ಲಿದ್ದ ನಗದು 17 ಲಕ್ಷ ಕೋಟಿ ರೂಪಾಯಿಗೂ ಹೆಚ್ಚು. 2024ರ ಹೊತ್ತಿಗೆ ಅದು ಸುಮಾರು ದುಪ್ಪಟ್ಟಾಗಿದೆ. ನಮ್ಮ ಕ್ಯಾಂಪಸ್ಸಿನಲ್ಲಿ ನೋಟು ಕಾಣದೇ ಇರಬಹುದು, ಆದರೆ ದೇಶ ನೋಟನ್ನು ಬಿಟ್ಟಿಲ್ಲ. ಯಾಕೆ ಬಿಟ್ಟಿಲ್ಲ ಅನ್ನೋದಕ್ಕೆ ಉತ್ತರ ಮುಂದೆ ತಾನಾಗಿ ಸಿಗುತ್ತೆ.

ಟೀ ದುಡ್ಡು ಹೋಗುವ ದಾರಿ

ಅಂಗಡಿಯಲ್ಲಿ ಅಂಟಿಸಿರುವ ಕ್ಯೂಆರ್ ಕೋಡ್‌ನಲ್ಲಿ ಯಾವ ಮಂತ್ರವೂ ಇಲ್ಲ. ಅಂಗಡಿಯವರ ಯುಪಿಐ ಐಡಿ, ಹೆಸರು, ಇಂಥ ಒಂದಿಷ್ಟು ಅಕ್ಷರಗಳು ಅಷ್ಟೇ. ನಾವು ಸ್ಕ್ಯಾನ್ ಮಾಡಿ, 15 ರೂಪಾಯಿ ಒತ್ತಿ, ಪಿನ್ ಹಾಕಿದ ಮೇಲೆ ನಡೆಯುವುದು ಇದು:

1. ನಮ್ಮ ಆ್ಯಪ್ ತನ್ನ ಜೊತೆಗಾರ ಬ್ಯಾಂಕಿನ ಮೂಲಕ ಎನ್‌ಪಿಸಿಐಗೆ ವಿನಂತಿ ಕಳಿಸುತ್ತದೆ.
2. ಈ ಐಡಿ ಯಾರದ್ದು, ಯಾವ ಖಾತೆಗೆ ಸೇರಿದ್ದು ಅಂತ ಎನ್‌ಪಿಸಿಐ ಅಂಗಡಿಯವರ ಕಡೆಯ ಆ್ಯಪ್ ನಡೆಸುವ ಬ್ಯಾಂಕನ್ನು ಕೇಳುತ್ತದೆ.
3. ಉತ್ತರ ಬಂದ ಮೇಲೆ ನಮ್ಮ ಬ್ಯಾಂಕಿಗೆ "15 ರೂಪಾಯಿ ಕಳೆಯಿರಿ" ಅನ್ನುತ್ತದೆ. ನಮ್ಮ ಬ್ಯಾಂಕ್ ಪಿನ್ ಸರಿಯಿದೆಯಾ ನೋಡಿ ಕಳೆಯುತ್ತದೆ.
4. ಅಂಗಡಿಯವರ ಬ್ಯಾಂಕಿಗೆ "15 ರೂಪಾಯಿ ಸೇರಿಸಿರಿ" ಅನ್ನುತ್ತದೆ.
5. ಎರಡೂ ಕಡೆಗೆ "ಆಯ್ತು" ಅನ್ನುವ ಸುದ್ದಿ ಹೋಗುತ್ತದೆ. ಬಾಕ್ಸ್ ಕೂಗುತ್ತದೆ.

ಎರಡು ಸಂಗತಿ ಗಮನಿಸಬೇಕು. ಒಂದು, ನಾವು ಪಿನ್ ಹಾಕುವ ಪುಟ ಆ್ಯಪಿನದ್ದಲ್ಲ, ಎನ್‌ಪಿಸಿಐ ಕೊಟ್ಟಿದ್ದು. ಪಿನ್ ಅಲ್ಲೇ ಎನ್‌ಕ್ರಿಪ್ಟ್ ಆಗಿ ಬ್ಯಾಂಕಿಗೆ ಹೋಗುತ್ತದೆ, ಆ್ಯಪ್‌ಗೆ ಕಾಣುವುದಿಲ್ಲ. ಎರಡು, ನಮ್ಮ ಕಣ್ಣಿಗೆ ಹಣ ಆ ಕ್ಷಣ ಹೋದಂತೆ ಕಂಡರೂ ಬ್ಯಾಂಕು-ಬ್ಯಾಂಕುಗಳ ನಡುವಿನ ಲೆಕ್ಕ ಆಗ ಚುಕ್ತಾ ಆಗಿರುವುದಿಲ್ಲ. ಯಾರು ಯಾರಿಗೆ ಎಷ್ಟು ಕೊಡಬೇಕು ಅಂತ ಕೂಡಿ ಕಳೆದು, ದಿನಕ್ಕೆ ಹಲವು ಸಲ ರಿಸರ್ವ್ ಬ್ಯಾಂಕಿನಲ್ಲಿ ಒಟ್ಟಿಗೆ ಇತ್ಯರ್ಥ ಮಾಡುತ್ತಾರೆ.

ಈಗ ಕ್ಯಾಂಟೀನ್ ಜಗಳಕ್ಕೆ ಬನ್ನಿ. ಮೂರನೇ ಹೆಜ್ಜೆ ಆಗಿದೆ, ನಾಲ್ಕನೇ ಹೆಜ್ಜೆಯ ಉತ್ತರ ಬರಲಿಲ್ಲ. ಆಗ ಎನ್‌ಪಿಸಿಐಗೆ ಗೊತ್ತಿರೋದು ಇಷ್ಟೇ: ಉತ್ತರ ಬಂದಿಲ್ಲ. ಹಣ ಸೇರಿಲ್ಲವೋ, ಸೇರಿದ್ದರೂ ಸುದ್ದಿ ದಾರಿಯಲ್ಲಿ ಕಳೆದುಹೋಯಿತೋ ಹೇಳಲಾಗದು. ಡಿಸ್ಟ್ರಿಬ್ಯೂಟೆಡ್ ಸಿಸ್ಟಮ್ಸ್ ಓದಿದವರಿಗೆ ಇದು ಹಳೇ ತಲೆನೋವು. "ಪೆಂಡಿಂಗ್" ಅಂತ ಬರೋದು ಇದಕ್ಕೇ. ಆಗ ಗಾಬರಿಯಲ್ಲಿ ಮತ್ತೆ ಸ್ಕ್ಯಾನ್ ಮಾಡಿದರೆ ವ್ಯವಸ್ಥೆ ಅದನ್ನು ಹೊಸ ವಹಿವಾಟು ಅಂತಲೇ ತಿಳಿಯುತ್ತೆ. ಟೀ ಒಂದು, ದುಡ್ಡು ಎರಡು ಸಲ.

ಇದಕ್ಕೆ ರಿಸರ್ವ್ ಬ್ಯಾಂಕಿನ 2019ರ ಸೆಪ್ಟೆಂಬರ್‌ನ ಒಂದು ಆದೇಶ ಇದೆ. ಒಬ್ಬರಿಂದ ಒಬ್ಬರಿಗೆ ಕಳಿಸಿದ ಹಣ ನಮ್ಮಲ್ಲಿ ಕಟ್ ಆಗಿ ಅಲ್ಲಿ ಸೇರದಿದ್ದರೆ ಮರುದಿನದೊಳಗೆ ವಾಪಸ್ ಬರಬೇಕು. ಅಂಗಡಿಗೆ ಕೊಟ್ಟಿದ್ದಾದರೆ ಐದು ದಿನದೊಳಗೆ. ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ, ಅದೂ ನಾವು ದೂರು ಕೊಡದೇ ಇದ್ದರೂ. ಈ ನಿಯಮ ಗೊತ್ತಿರೋರು ನಮ್ಮಲ್ಲಿ ಎಷ್ಟು ಜನ?

ಸಿಕ್ಕ ಲಾಭಗಳು

ಲಾಭಗಳನ್ನು ಕಡಿಮೆ ಮಾಡಿ ಹೇಳೋದು ಬೇಡ, ಅವು ನಿಜಕ್ಕೂ ದೊಡ್ಡವು.

ಮೊದಲನೆಯದು ಚಿಲ್ಲರೆ. ಬಸ್ಸಿನಲ್ಲಿ ಕಂಡಕ್ಟರ್ ಟಿಕೆಟ್ ಹಿಂದೆ ಬಾಕಿ ಬರೆದುಕೊಟ್ಟು "ಇಳಿಯುವಾಗ ಇಸ್ಕೊಳ್ಳಿ" ಅಂದದ್ದು, ನಾವು ನಿದ್ದೆಗಣ್ಣಲ್ಲಿ ಮರೆತು ಇಳಿದದ್ದು ಯಾರಿಗಾಗಿಲ್ಲ? ಅಂಗಡಿಯಲ್ಲಿ ಎರಡು ರೂಪಾಯಿ ಬದಲು ಚಾಕಲೇಟ್ ಕೈಗಿಡೋದು ಬೇರೆ. ಈಗ ಕೆಎಸ್‌ಆರ್‌ಟಿಸಿ, ಬಿಎಂಟಿಸಿ ಬಸ್ಸುಗಳಲ್ಲೂ ಸ್ಕ್ಯಾನ್ ಮಾಡಿ ಸರಿಯಾಗಿ 37 ರೂಪಾಯಿ ಅಂದರೆ 37 ಕೊಡಬಹುದು.

ಎರಡನೆಯದು, ಯಾವ ಆ್ಯಪ್ ಆದರೂ ನಡೆಯುತ್ತೆ. ಹಳೆಯ ವಾಲೆಟ್‌ಗಳಲ್ಲಿ ಮೊದಲು ದುಡ್ಡು ತುಂಬಿಸಬೇಕಿತ್ತು, ಎದುರಿನವರ ಹತ್ತಿರವೂ ಅದೇ ವಾಲೆಟ್ ಇರಬೇಕಿತ್ತು. ಯುಪಿಐನಲ್ಲಿ ಹಣ ನಮ್ಮ ಬ್ಯಾಂಕಿನಲ್ಲೇ ಇರುತ್ತೆ, ಬಡ್ಡಿಯೂ ಬರುತ್ತೆ. ನನ್ನದು ಫೋನ್‌ಪೇ, ನಿನ್ನದು ಗೂಗಲ್ ಪೇ, ಅಂಗಡಿಯವರದ್ದು ಮತ್ತೊಂದು. ಆದರೂ ಕೆಲಸ ಆಗುತ್ತೆ.

ಮೂರನೆಯದು ಚಿಕ್ಕ ವ್ಯಾಪಾರಿಗಳಿಗೆ. ಕಾರ್ಡ್ ಮೆಷಿನ್‌ಗೆ ಬಾಡಿಗೆ ಇತ್ತು, ಪ್ರತಿ ಪಾವತಿಗೂ ಕಮಿಷನ್ ಇತ್ತು. ಪಾನಿಪುರಿ ಗಾಡಿಯವರಿಗೆ ಅದು ಆಗುವ ಮಾತಲ್ಲ. ಮುದ್ರಿಸಿದ ಒಂದು ಕ್ಯೂಆರ್ ಹಾಳೆ ಸಾಕು ಅಂದಾಗ ಎಲ್ಲರೂ ಸೇರಿಕೊಂಡರು. 2020ರ ಜನವರಿ 1ರಿಂದ ಯುಪಿಐ ಪಾವತಿಗೆ ವ್ಯಾಪಾರಿಯಿಂದ ಕಮಿಷನ್ ತೆಗೆದುಕೊಳ್ಳುವಂತಿಲ್ಲ. ಹಾಗಂತ ಇದನ್ನು ನಡೆಸೋದು ಪುಕ್ಕಟೆ ಅಲ್ಲ. ಸರ್ವರ್, ಸಿಬ್ಬಂದಿ, ಭದ್ರತೆ ಎಲ್ಲಕ್ಕೂ ಖರ್ಚಿದೆ. ಸಣ್ಣ ವ್ಯಾಪಾರಿಗಳಿಗೆ ಬರುವ 2000 ರೂಪಾಯಿವರೆಗಿನ ಪಾವತಿಗಳಿಗೆ ಪ್ರೋತ್ಸಾಹಧನ ಕೊಡಲು 2024-25ನೇ ಸಾಲಿಗೆ ಕೇಂದ್ರ ಸರ್ಕಾರ ಸುಮಾರು 1500 ಕೋಟಿ ರೂಪಾಯಿಯ ಯೋಜನೆ ಒಪ್ಪಿತು. ಅಂದರೆ ಒಂದಷ್ಟು ಪಾಲನ್ನು ತೆರಿಗೆ ಕಟ್ಟುವ ನಾವೇ ಕೊಡುತ್ತಿದ್ದೇವೆ.

ನಾಲ್ಕನೆಯದು ಮನೆ ಮತ್ತು ಹಾಸ್ಟೆಲ್ ನಡುವಿನ ದೂರ. ಮೊದಲು ಊರಿಂದ ದುಡ್ಡು ಬರಬೇಕು ಅಂದರೆ ಅಪ್ಪ ಕೆಲಸ ಬಿಟ್ಟು ಬ್ಯಾಂಕಿಗೆ ಹೋಗಿ ಚಲನ್ ತುಂಬಬೇಕಿತ್ತು. ಈಗ ಪರೀಕ್ಷಾ ಶುಲ್ಕದ ಕೊನೆ ದಿನ ಸಂಜೆ ನಾಲ್ಕಕ್ಕೆ ಫೋನ್ ಮಾಡಿದರೂ ನಾಲ್ಕೂ ಐದಕ್ಕೆ ಹಣ ಬಂದಿರುತ್ತೆ. ಬೈಗುಳ ಮಾತ್ರ ಮೊದಲಿನಷ್ಟೇ.

ನೋಟು ಸದ್ದಿಲ್ಲದೆ ಮಾಡುತ್ತಿದ್ದ ನಾಲ್ಕು ಕೆಲಸ

ಈಗ ನಷ್ಟಕ್ಕೆ ಬರೋಣ. ಯುಪಿಐ ಕೆಟ್ಟದ್ದು ಅನ್ನೋದು ನನ್ನ ಮಾತಲ್ಲ. ನಾನು ಹೇಳೋದು ಇಷ್ಟು: ಕಾಗದದ ನೋಟು ನಮಗೆ ಗೊತ್ತಾಗದಂತೆ ನಾಲ್ಕು ಕೆಲಸ ಮಾಡಿಕೊಡುತ್ತಿತ್ತು. ನೋಟನ್ನು ಬಿಟ್ಟಾಗ ಆ ಕೆಲಸಗಳೂ ನಿಂತುಹೋದವು. ಈಗ ಅವನ್ನು ನಾವೇ ಮಾಡಿಕೊಳ್ಳಬೇಕು. ಮಾಡದೇ ಇದ್ದಾಗ ಆಗೋದೇ ನಷ್ಟ.

ಮೊದಲ ಕೆಲಸ: ಖರ್ಚು ನೆನಪಿಸುವುದು. ಐನೂರರ ನೋಟು ಮುರಿಸುವಾಗ ಮನಸ್ಸು ಸ್ವಲ್ಪ ಹಿಂಜರಿಯುತ್ತೆ. ಪರ್ಸ್ ತೆಳ್ಳಗಾದದ್ದು ಕೈಗೆ ಗೊತ್ತಾಗುತ್ತೆ. ಇದರ ಬಗ್ಗೆ ಅಧ್ಯಯನಗಳೂ ಆಗಿವೆ. ಅಮೆರಿಕದ ಎಂಐಟಿಯ ಡ್ರಾಜನ್ ಪ್ರೆಲೆಕ್ ಮತ್ತು ಡಂಕನ್ ಸೈಮೆಸ್ಟರ್ 2001ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಎಂಬಿಎ ವಿದ್ಯಾರ್ಥಿಗಳಿಗೆ ಬ್ಯಾಸ್ಕೆಟ್‌ಬಾಲ್ ಪಂದ್ಯದ ಟಿಕೆಟ್ ಹರಾಜಿಗಿಟ್ಟರು. ಒಂದು ಗುಂಪು ನಗದು ಕೊಡಬೇಕು, ಇನ್ನೊಂದು ಕ್ರೆಡಿಟ್ ಕಾರ್ಡ್. ಕಾರ್ಡ್ ಗುಂಪು ಕೂಗಿದ ಬೆಲೆ ನಗದು ಗುಂಪಿನದಕ್ಕಿಂತ ಸುಮಾರು ಎರಡು ಪಟ್ಟು. ಅದು ಕಾರ್ಡಿನ ಮಾತು, ಯುಪಿಐನಲ್ಲಿ ಹಣ ಕೂಡಲೇ ಕಟ್ ಆಗುತ್ತೆ ನಿಜ. ಆದರೆ ಕೈಯಿಂದ ನೋಟು ಜಾರುವ ಆ ಚುರುಕು ಇಲ್ಲೂ ಇಲ್ಲ.

ನಮ್ಮದೇ ಲೆಕ್ಕ ಹಾಕಿ. ದಿನಕ್ಕೆ ಎರಡು ಟೀ 30, ಒಂದು ಸಮೋಸ 20, ಸಂಜೆ ಒಂದು ಜ್ಯೂಸ್ 40. ದಿನಕ್ಕೆ 90, ತಿಂಗಳಿಗೆ 2700. ಹಾಸ್ಟೆಲ್ ಮೆಸ್ ಬಿಟ್ಟು ಇದು ಬೇರೆ. ಯಾರನ್ನಾದರೂ "ತಿಂಗಳಿಗೆ ಟೀ-ತಿಂಡಿಗೆ ಎಷ್ಟಾಗುತ್ತೆ ಮಗಾ?" ಅಂತ ಕೇಳಿ ನೋಡಿ, "ಏನ್ ಒಂದು ಸಾವಿರ ಆಗ್ಬೋದು" ಅಂತಾನೆ. ಸುಳ್ಳಲ್ಲ, ಅವನಿಗೆ ನಿಜವಾಗಿ ಗೊತ್ತಿಲ್ಲ. ತಮಾಷೆ ಏನು ಅಂದರೆ ಪ್ರತಿ ಪೈಸೆಯ ದಾಖಲೆ ಅವನ ಫೋನಿನಲ್ಲೇ ಇದೆ. ನೋಟಿನ ಕಾಲದಲ್ಲಿ ದಾಖಲೆ ಇರಲಿಲ್ಲ, ಅಂದಾಜಿತ್ತು. ಈಗ ದಾಖಲೆ ಇದೆ, ಅಂದಾಜು ಹೋಯಿತು.

ಎರಡನೇ ಕೆಲಸ: ಯಾರನ್ನೂ ಕೇಳದೆ ನಡೆಯುವುದು. ನೋಟು ಕೊಡಲು ಕರೆಂಟ್ ಬೇಡ, ಸಿಗ್ನಲ್ ಬೇಡ, ಸರ್ವರ್ ಬೇಡ. 2025ರ ಮಾರ್ಚ್ 26 ಮತ್ತು ಏಪ್ರಿಲ್ 12ರಂದು ದೇಶದ ತುಂಬ ಯುಪಿಐ ಕೈಕೊಟ್ಟಿತ್ತು. ಆವತ್ತು ಹೋಟೆಲ್ಲಿನಲ್ಲಿ ಊಟ ಮಾಡಿ ಎದ್ದವರ ಪಾಡು ನೆನಪಿಸಿಕೊಳ್ಳಿ. ಅಷ್ಟು ದೊಡ್ಡ ತೊಂದರೆಯೇ ಬೇಕಿಲ್ಲ. ಮಲೆನಾಡಿನ ಊರುಗಳವರನ್ನು ಕೇಳಿ, ಮಳೆಗಾಲದಲ್ಲಿ ಕರೆಂಟ್ ಹೋಗಿ ಟವರ್ ಸತ್ತರೆ ಫೋನ್ ಬರೀ ಟಾರ್ಚ್.

ಇನ್ನೊಂದು ಅವಲಂಬನೆಯೂ ಇದೆ. ಯುಪಿಐ ವಹಿವಾಟಿನಲ್ಲಿ ಐದರಲ್ಲಿ ಸುಮಾರು ನಾಲ್ಕು ಪಾಲು ನಡೆಯೋದು ಫೋನ್‌ಪೇ ಮತ್ತು ಗೂಗಲ್ ಪೇ ಎಂಬ ಎರಡೇ ಆ್ಯಪ್‌ಗಳಲ್ಲಿ. ಒಂದು ಆ್ಯಪ್ ಶೇ 30ರ ಮಿತಿ ಮೀರಬಾರದು ಅಂತ ಎನ್‌ಪಿಸಿಐ 2020ರಲ್ಲೇ ಹೇಳಿತ್ತು. ಆದರೆ ಗಡುವು ಮುಂದಕ್ಕೆ ಹೋಗುತ್ತಾ ಹೋಗಿ 2026ರ ಡಿಸೆಂಬರ್ 31ಕ್ಕೆ ಬಂದು ನಿಂತಿತು. ಇಬ್ಬರ ಹೆಗಲ ಮೇಲೆ ಇಡೀ ಊರಿನ ಸಂತೆ ನಿಂತ ಹಾಗೆ.

ಮೂರನೇ ಕೆಲಸ: ದೂರದ ಕಳ್ಳನಿಂದ ಕಾಯುವುದು. ಜೇಬುಗಳ್ಳ ಪಕ್ಕಕ್ಕೆ ಬಂದೇ ಕದಿಯಬೇಕು, ಜೇಬಲ್ಲಿದ್ದಷ್ಟೇ ಕದಿಯಬಹುದು. ಈಗ ಕಳ್ಳ ಯಾವ ರಾಜ್ಯದಲ್ಲಿದ್ದಾನೋ ಗೊತ್ತಿಲ್ಲ, ಖಾತೆಯಲ್ಲಿದ್ದದ್ದೆಲ್ಲ ಅವನ ಕೈಗೆ ಎಟುಕುತ್ತೆ.

ನಮ್ಮ ಹಾಸ್ಟೆಲ್ಲಿನ ಗೆಳೆಯನಿಗೆ ಆದದ್ದು ಹೇಳ್ತೀನಿ. ಮೊದಲ ವರ್ಷ ಮುಗಿದಾಗ ಹಳೇ ಸೈಕಲ್ ಮಾರೋಣ ಅಂತ ಆನ್‌ಲೈನ್‌ನಲ್ಲಿ ಫೋಟೊ ಹಾಕಿದ. ಅರ್ಧ ಗಂಟೆಯಲ್ಲೇ ಒಬ್ಬ ಫೋನ್ ಮಾಡಿದ. ಚೌಕಾಸಿ ಮಾಡಲೇ ಇಲ್ಲ, ನಾನು ಸೇನೆಯಲ್ಲಿದ್ದೀನಿ, ಅಡ್ವಾನ್ಸ್ ಈಗಲೇ ಕಳಿಸ್ತೀನಿ ಅಂದ. ಫೋನಿಗೆ ಒಂದು ರಿಕ್ವೆಸ್ಟ್ ಬಂತು. "ಪಿನ್ ಹಾಕಿ, ಹಣ ನಿಮ್ಮ ಖಾತೆಗೆ ಬರುತ್ತೆ" ಅಂದ. ಇವನು ಹಾಕಿದ. 4000 ಹೋಯಿತು. "ಅಯ್ಯೋ ತಪ್ಪಾಯ್ತು, ವಾಪಸ್ ಕಳಿಸ್ತೀನಿ" ಅಂತ ಇನ್ನೊಂದು ಬಂತು. ಅದಕ್ಕೂ ಹಾಕಿದ. ಒಟ್ಟು 8000, ಅದು ಅಪ್ಪ ಮೆಸ್ ಬಿಲ್‌ಗೆ ಕಳಿಸಿದ್ದ ದುಡ್ಡು. ಇವನು ದಡ್ಡನಲ್ಲ, ಕ್ಲಾಸಿನಲ್ಲಿ ನಮಗಿಂತ ಮುಂದೆ. ನಿಜವಾದ ನಷ್ಟ ಆಮೇಲೆ ಆಯಿತು. ನಾಚಿಕೆಯಿಂದ ಎರಡು ದಿನ ಯಾರಿಗೂ ಹೇಳಲಿಲ್ಲ. ಹೇಳಿದ ಮೇಲೆ ನಾವು ದೂರು ಕೊಡಿಸಿದೆವು, ಅಷ್ಟರಲ್ಲಿ ಹಣ ಖಾತೆಯಿಂದ ಖಾತೆಗೆ ಹಾರಿ ಹೋಗಿತ್ತು. ಒಂದು ರೂಪಾಯಿಯೂ ಬರಲಿಲ್ಲ.

ಈ ಥರ ಒಬ್ಬ ವ್ಯಕ್ತಿ ಇನ್ನೊಬ್ಬರಿಂದ ಹಣ ಕೇಳುವ ಕಲೆಕ್ಟ್ ರಿಕ್ವೆಸ್ಟ್ ಅನ್ನು ಎನ್‌ಪಿಸಿಐ 2025ರ ಅಕ್ಟೋಬರ್ 1ರಿಂದ ನಿಲ್ಲಿಸಿದೆ. ಒಂದು ಬಾಗಿಲು ಮುಚ್ಚಿದರೆ ಕಳ್ಳ ಕಿಟಕಿ ನೋಡ್ತಾನೆ. "ಇದನ್ನು ಸ್ಕ್ಯಾನ್ ಮಾಡಿದ್ರೆ ದುಡ್ಡು ಬರುತ್ತೆ" ಅಂತ ವಾಟ್ಸ್‌ಆ್ಯಪ್‌ನಲ್ಲಿ ಕ್ಯೂಆರ್ ಕಳಿಸೋದು, ಮದುವೆ ಆಮಂತ್ರಣ ಅಥವಾ ಟ್ರಾಫಿಕ್ ದಂಡದ ಚಲನ್ ಅಂತ ಎಪಿಕೆ ಫೈಲ್ ಕಳಿಸಿ ನಮ್ಮ ಎಸ್‌ಎಂಎಸ್ ಓದೋದು, ಅಂಗಡಿಯ ಕ್ಯೂಆರ್ ಮೇಲೆ ತಮ್ಮದನ್ನು ಅಂಟಿಸಿ ಹೋಗೋದು, ನಕಲಿ ಪಾವತಿಯ ಸ್ಕ್ರೀನ್ ತೋರಿಸಿ ಅಂಗಡಿಯವರಿಗೇ ಟೋಪಿ ಹಾಕೋದು, ಹೀಗೆ ಹೊಸದು ಬರುತ್ತಲೇ ಇರುತ್ತೆ. ಎಲ್ಲಕ್ಕೂ ಒಂದೇ ಅಳತೆಗೋಲು: ಹಣ ಬರಬೇಕಾದರೆ ಪಿನ್ ಬೇಡ. ಪಿನ್ ಕೇಳಿದರೆ ಹಣ ಹೋಗ್ತಿದೆ ಅಂತ ಅರ್ಥ.

ನಾಲ್ಕನೇ ಕೆಲಸ: ಗುರುತು ಬಿಡದಿರುವುದು. ನೋಟು ಯಾರು ಯಾರಿಗೆ ಕೊಟ್ಟರು ಅಂತ ಎಲ್ಲೂ ಬರೆದಿಡೋದಿಲ್ಲ. ಯುಪಿಐ ಎಲ್ಲವನ್ನೂ ಬರೆದಿಡುತ್ತೆ. ಇದು ಲಾಭವೂ ಹೌದು, ನಷ್ಟವೂ ಹೌದು. ಬಾಡಿಗೆ ಕೊಟ್ಟಿಲ್ಲ ಅಂತ ಮನೆ ಮಾಲೀಕರು ಅಂದರೆ ದಾಖಲೆ ತೋರಿಸಬಹುದು. ಆದರೆ ಅನೇಕರ ಯುಪಿಐ ಐಡಿಯಲ್ಲಿ ಫೋನ್ ನಂಬರೇ ಇರುತ್ತೆ. ಯಾರೋ ಅಪರಿಚಿತರಿಗೆ ನಲವತ್ತು ರೂಪಾಯಿ ಕೊಟ್ಟರೆ ಜೊತೆಗೆ ಹೆಸರೂ ನಂಬರೂ ಕೊಟ್ಟಂತೆ. ಅದರಿಂದ ಬೇಡದ ಮೆಸೇಜ್ ಬಂದು ತಲೆಕೆಡಿಸಿಕೊಂಡವರು, ಅದರಲ್ಲೂ ಹುಡುಗಿಯರು, ನಮ್ಮ ನಡುವೆಯೇ ಇದ್ದಾರೆ.

ಈ ಗುರುತಿನ ಪ್ರಶ್ನೆ ನಮ್ಮ ರಾಜ್ಯದಲ್ಲೇ ಬೀದಿಗೆ ಬಂದದ್ದು 2025ರ ಜುಲೈನಲ್ಲಿ. ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಮಾಹಿತಿ ಆಧರಿಸಿ ಬೇಕರಿ, ಕಾಂಡಿಮೆಂಟ್ಸ್, ಟೀ ಅಂಗಡಿಯಂಥ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿತು. ಸರಕು ಮಾರುವವರ ವಾರ್ಷಿಕ ವಹಿವಾಟು 40 ಲಕ್ಷ, ಸೇವೆ ಕೊಡುವವರದ್ದು 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಆಗಬೇಕು ಅನ್ನೋದು ಕಾನೂನು. 40 ಲಕ್ಷ ಅಂದರೆ ದಿನಕ್ಕೆ ಸುಮಾರು 11 ಸಾವಿರ. ಓಡುವ ಬೇಕರಿಗೆ ಇದು ದೊಡ್ಡ ಮೊತ್ತವಲ್ಲ, ಅದು ಲಾಭವೂ ಅಲ್ಲ, ಬರೀ ವಹಿವಾಟು. ಎಷ್ಟೋ ಜನರ ಖಾತೆಯಲ್ಲಿ ಮನೆಯವರು ಕಳಿಸಿದ್ದು, ಕೈಸಾಲ ತೀರಿಸಿದ್ದು ಎಲ್ಲ ಸೇರಿಹೋಗಿತ್ತು. ಬೆಂಗಳೂರಿನ ಅಂಗಡಿಗಳಲ್ಲಿ ಕ್ಯೂಆರ್ ಕಿತ್ತು "ನೋ ಯುಪಿಐ, ಓನ್ಲಿ ಕ್ಯಾಶ್" ಬೋರ್ಡ್ ಬಂತು. ಮುಖ್ಯಮಂತ್ರಿ ಸಿದ್ದರಾಮಯ್ಯ ಜುಲೈ 23ರಂದು ವ್ಯಾಪಾರಿಗಳ ಸಭೆ ಕರೆದು, ನೋಂದಣಿ ಮಾಡಿಸಿಕೊಂಡರೆ ಹಳೇ ಬಾಕಿ ವಸೂಲಿ ಮಾಡುವುದಿಲ್ಲ, ಹಾಲು-ತರಕಾರಿಯಂಥ ತೆರಿಗೆ ವಿನಾಯಿತಿ ಇರುವ ವಸ್ತುಗಳಿಗೆ ತೆರಿಗೆ ಇಲ್ಲ ಅಂದ ಮೇಲೆ ಸ್ವಲ್ಪ ತಣ್ಣಗಾಯಿತು.

ಇದರಲ್ಲಿ ಯಾರು ಸರಿ? ಕಾನೂನು ಎಲ್ಲರಿಗೂ ಒಂದೇ ಅನ್ನೋ ಇಲಾಖೆಯ ಮಾತೂ ಸರಿ. ಕ್ಯೂಆರ್ ಹಾಕಿಕೊಳ್ಳಿ ಅಂತ ಎಲ್ಲರೂ ಹೇಳಿದರು, ಅದರ ಜೊತೆ ಬರುವ ಲೆಕ್ಕಪತ್ರದ ಬಗ್ಗೆ ಯಾರೂ ಹೇಳಲಿಲ್ಲ ಅನ್ನೋ ಅಂಗಡಿಯವರ ಮಾತೂ ಸರಿ. ಆ್ಯಪ್ ಇನ್‌ಸ್ಟಾಲ್ ಮಾಡಿಸೋದು ಸುಲಭ, ಅದರ ಪರಿಣಾಮ ತಿಳಿಸೋದು ಕಷ್ಟ. ಕಷ್ಟದ್ದನ್ನು ಎಲ್ಲರೂ ಬಿಟ್ಟರು.

ನಮ್ಮ ಖಾತೆ ಬಾಡಿಗೆಗಿಲ್ಲ

ಇದೊಂದನ್ನು ಬೇರೆಯಾಗಿ ಹೇಳಲೇಬೇಕು, ಯಾಕಂದರೆ ಇಲ್ಲಿ ಗುರಿ ನಮ್ಮಂಥ ವಿದ್ಯಾರ್ಥಿಗಳೇ. "ನಿನ್ನ ಖಾತೆಗೆ ಸ್ವಲ್ಪ ದುಡ್ಡು ಬರುತ್ತೆ, ನಾವು ಹೇಳಿದ ಕಡೆ ಕಳಿಸು, ಕಮಿಷನ್ ಇಟ್ಕೊ" ಅಂತ ಟೆಲಿಗ್ರಾಂನಲ್ಲೋ, ಗೆಳೆಯನ ಗೆಳೆಯನಿಂದಲೋ ಆಫರ್ ಬರುತ್ತೆ. ಪಾರ್ಟ್ ಟೈಮ್ ಕೆಲಸ ಅಂತಲೂ ಹೆಸರಿಡ್ತಾರೆ. ಇದಕ್ಕೆ ಮ್ಯೂಲ್ ಖಾತೆ ಅಂತಾರೆ, ಮ್ಯೂಲ್ ಅಂದರೆ ಹೇಸರಗತ್ತೆ. ಹೊರೆ ಹೊರೋದು ಕತ್ತೆ, ಲಾಭ ಬೇರೆಯವರಿಗೆ. ನನ್ನ ಗೆಳೆಯನ 8000 ರೂಪಾಯಿ ಹಾರಿ ಹೋದದ್ದು ಇಂಥ ಖಾತೆಗಳ ಮೂಲಕವೇ. ಪೊಲೀಸರು ಹಣದ ಜಾಡು ಹಿಡಿದಾಗ ಮೊದಲು ಸಿಗೋದು ಖಾತೆಯ ಮಾಲೀಕ. ಖಾತೆ ಫ್ರೀಜ್ ಆಗುತ್ತೆ, ಕೇಸ್ ಆಗಬಹುದು. ಕ್ಯಾಂಪಸ್ ಸೆಲೆಕ್ಷನ್ ಆದ ಮೇಲೆ ಹಿನ್ನೆಲೆ ಪರಿಶೀಲನೆ ಇರುತ್ತೆ ಅನ್ನೋದು ಮರೀಬೇಡಿ. ಎರಡು ಸಾವಿರ ರೂಪಾಯಿ ಕಮಿಷನ್‌ಗೆ ನಾಲ್ಕು ವರ್ಷದ ಓದು ಒತ್ತೆ ಇಡೋದಾ?

ಹಾಗಾದರೆ ಏನು ಮಾಡೋಣ?

ನೋಟು ಮಾಡುತ್ತಿದ್ದ ಆ ನಾಲ್ಕು ಕೆಲಸಗಳನ್ನು ನಾವೇ ಮಾಡಿಕೊಳ್ಳುವ ದಾರಿ ಇಲ್ಲಿದೆ.

1. ಚಿಲ್ಲರೆ ಖರ್ಚಿಗೆ ಯುಪಿಐ ಲೈಟ್ ಬಳಸಿ. ಇದರಲ್ಲಿ ಗರಿಷ್ಠ 5000 ರೂಪಾಯಿ ಇಡಬಹುದು, ಒಮ್ಮೆಗೆ 1000ವರೆಗೆ ಪಿನ್ ಇಲ್ಲದೆ ಕೊಡಬಹುದು. ಸೋಮವಾರ 700 ತುಂಬಿಸಿ, ಭಾನುವಾರದವರೆಗೆ ಅಷ್ಟರಲ್ಲೇ ಇರಿ. ಗುರುವಾರವೇ ಖಾಲಿಯಾದರೆ ಪರ್ಸ್ ತೆಳ್ಳಗಾದದ್ದು ಮತ್ತೆ ಗೊತ್ತಾಗುತ್ತೆ. ಪಿನ್ ಇಲ್ಲದ್ದರಿಂದ ಫೋನಿಗೆ ಲಾಕ್ ಮಾತ್ರ ಇರಲೇಬೇಕು.

2. ಫೋನ್ ಕವರ್ ಹಿಂದೆ ಎರಡು ನೂರರ ನೋಟು ಇಡಿ. ಸರ್ವರ್ ಡೌನ್ ಆದ ದಿನ ಊಟಕ್ಕೂ ಬಸ್ಸಿಗೂ ಸಾಕು.

3. ದೊಡ್ಡ ಮೊತ್ತ ಇರುವ ಖಾತೆಯನ್ನು ಯುಪಿಐಗೆ ಜೋಡಿಸಬೇಡಿ. ಶುಲ್ಕದ ಹಣ ಒಂದು ಖಾತೆಯಲ್ಲಿ, ದಿನದ ಖರ್ಚು ಇನ್ನೊಂದರಲ್ಲಿ.

4. ಪಿನ್ ಒತ್ತುವ ಮೊದಲು ಪರದೆಯ ಮೇಲಿನ ಹೆಸರು ಓದಿ, ಅಂಗಡಿಯವರನ್ನು ಕೇಳಿ. ಮೂರು ಸೆಕೆಂಡಿನ ಕೆಲಸ.

5. ಯುಪಿಐ ಐಡಿಯಲ್ಲಿ ಫೋನ್ ನಂಬರ್ ಇದ್ದರೆ, ಆ್ಯಪ್ ಅವಕಾಶ ಕೊಟ್ಟರೆ ಬೇರೆ ಐಡಿ ಮಾಡಿಕೊಳ್ಳಿ.

6. ಮೋಸ ಆದರೆ ಆ ಕ್ಷಣವೇ 1930ಕ್ಕೆ ಫೋನ್ ಮಾಡಿ, ಬ್ಯಾಂಕಿಗೂ ತಿಳಿಸಿ. ಹಣ ಇನ್ನೂ ಯಾವುದಾದರೂ ಖಾತೆಯಲ್ಲಿ ನಿಂತಿದ್ದರೆ ತಡೆಹಿಡಿಯಬಹುದು. ಇಲ್ಲಿ ಗಂಟೆಗಳ ಲೆಕ್ಕ, ದಿನಗಳದ್ದಲ್ಲ. ರಿಸರ್ವ್ ಬ್ಯಾಂಕಿನ 2017ರ ನಿಯಮದಂತೆ, ನಮ್ಮದೂ ಬ್ಯಾಂಕಿನದೂ ತಪ್ಪಿಲ್ಲದೆ ಹೊರಗಿನವರಿಂದ ಹಣ ಹೋಗಿದ್ದರೆ, ಮೂರು ಕೆಲಸದ ದಿನದೊಳಗೆ ತಿಳಿಸಿದರೆ ನಷ್ಟ ನಮ್ಮದಲ್ಲ. ನಾವೇ ಪಿನ್ ಕೊಟ್ಟಿದ್ದರೆ, ತಿಳಿಸುವವರೆಗಿನ ನಷ್ಟ ನಮ್ಮ ತಲೆಗೆ.

ಕೊನೆಯದಾಗಿ, ಈ ಸಲ ಊರಿಗೆ ಹೋದಾಗ ಮಾಡಬೇಕಾದ ಒಂದು ಕೆಲಸ. ಅಮ್ಮನ ಫೋನ್ ತೆಗೆದುಕೊಳ್ಳಿ, ಪಾವತಿ ಆ್ಯಪ್‌ನ ಭಾಷೆಯನ್ನು ಕನ್ನಡಕ್ಕೆ ಬದಲಿಸಿ. ಭೀಮ್, ಫೋನ್‌ಪೇ, ಗೂಗಲ್ ಪೇ ಮೂರರಲ್ಲೂ ಕನ್ನಡ ಇದೆ. "ಕಳಿಸಿ" ಯಾವುದು, "ಸ್ವೀಕರಿಸಿ" ಯಾವುದು ಅಂತ ಅವರ ಭಾಷೆಯಲ್ಲೇ ಕಂಡರೆ ಅರ್ಧ ಮೋಸ ಅಲ್ಲೇ ನಿಲ್ಲುತ್ತೆ. ಸ್ಮಾರ್ಟ್‌ಫೋನ್ ಇಲ್ಲದ ಅಜ್ಜನಿಗೆ ಕೀಪ್ಯಾಡ್ ಫೋನಿನಲ್ಲೇ ನಡೆಯುವ ಯುಪಿಐ 123ಪೇ ಇದೆ, 2022ರಲ್ಲೇ ಬಂದಿದೆ. ಬೇಕಿದ್ದರೆ ಕಲಿಸಿ. "ನನಗೆ ನೋಟೇ ಸಾಕಪ್ಪಾ" ಅಂದರೆ ಬಲವಂತ ಮಾಡಬೇಡಿ. ಅವರು ನೋಟನ್ನು ಯಾಕೆ ಬಿಡೋದಿಲ್ಲ ಅನ್ನೋದಕ್ಕೆ ನಾಲ್ಕು ಕಾರಣ ಈಗ ನಮಗೂ ಗೊತ್ತಿದೆ.

ನಾಳೆ ಇಂಥ ವ್ಯವಸ್ಥೆಗಳನ್ನು ಕಟ್ಟುವವರಲ್ಲಿ ನಮ್ಮ ಕ್ಲಾಸಿನವರೇ ಕೆಲವರು ಇರುತ್ತಾರೆ. ಆಗ "ಪಿನ್ ಹಾಕಿ" ಅನ್ನೋ ಪುಟ ವಿನ್ಯಾಸ ಮಾಡುವಾಗ, ಸೈಕಲ್ ಮಾರಲು ಹೋಗಿ ಮೆಸ್ ದುಡ್ಡು ಕಳೆದುಕೊಂಡ ಹುಡುಗನನ್ನೂ, ಕನ್ನಡಕ ಹುಡುಕುತ್ತಾ ಇಂಗ್ಲಿಷ್ ಮೆಸೇಜ್ ಓದಲು ಒದ್ದಾಡುವ ಅಮ್ಮನನ್ನೂ ಒಮ್ಮೆ ನೆನೆಸಿಕೊಂಡರೆ ಸಾಕು. ಅಲ್ಲಿಯವರೆಗೆ, ನಿಮ್ಮ ಹಾಸ್ಟೆಲ್ಲಿನಲ್ಲಿ ಯಾರಾದರೂ ಎರಡು ದಿನದಿಂದ ಮಂಕಾಗಿ ಕೂತಿದ್ದರೆ, "ಏನಾಯ್ತು ಮಗಾ, ದುಡ್ಡೇನಾದ್ರೂ ಹೋಯ್ತಾ?" ಅಂತ ಕೇಳಿ. ಬೈಬೇಡಿ, ನಗಬೇಡಿ. ಮೊದಲು 1930 ಒತ್ತಿ.